ಆಚೆದಡದ ಕೊಸರು

ಬೇಲೂರು
12 ಜೂನ್ 2024

ದಿವ್ಯಾ,

ಫೋನ್ ಮಾಡಿದರೆ ಎತ್ತಲ್ಲ. ವಾಟ್ಸಾಪಲ್ಲಿ ಬ್ಲಾಕ್ ಮಾಡಿದೀಯ. ಎರಡು ವರ್ಷದಿಂದ ನಿನ್ನ ಗೋಡೆಗೆ ತಲೆ ಚಚ್ಚಿಕೊಂಡು ಸಾಕಾಗಿದೆ. ಪೋಸ್ಟ್‌ಮ್ಯಾನನ್ನಂತೂ ಬ್ಲಾಕ್ ಮಾಡೋಕಾಗಲ್ಲ ಅಂತ ಕಾಗದ ಬರೀತಿದೀನಿ. ಓದದೆ ಹರಿದು ಹಾಕಬೇಡ, ಕೆಲಸದ ವಿಷಯ ಇದೆ.

ಆಚೆದಡಕ್ಕೆ ಗಿರಾಕಿ ಸಿಕ್ಕಿದಾರೆ ಕಣೇ. ಹೌದು, ನಮ್ಮ ಆಚೆದಡವೇ. ಹೈಸ್ಕೂಲಲ್ಲಿ, ನಿನ್ನ ಹಗರೆ ಬಸ್ಸು ಬರೋವರೆಗೆ ಬೇಲೂರು ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು ನಾವಿಬ್ಬರೂ ಕಟ್ಟಿದ ದೇಶ. ನಾನು ಅದನ್ನ ಕಾದಂಬರಿ ಮಾಡಿದೀನಿ. ಬೆಂಗಳೂರಿನ ಒಂದು ಕಂಪನಿಯವರು ಪುಸ್ತಕ ತರ್ತಾರೆ, ಜೊತೆಗೆ ಮಕ್ಕಳು ಮೊಬೈಲಲ್ಲಿ ಆಡೋ ಗೇಮೂ ಮಾಡ್ತಾರೆ. ಅವರಿಗೆ ಬರೆದುಕೊಟ್ಟ ಸಾರಾಂಶ ಇಷ್ಟು, ತಪ್ಪಿದ್ದರೆ ಹೇಳು:

‘ಯಗಚಿ ಹೊಳೆಯ ಆಚೆದಡದಲ್ಲಿ ಒಂದು ದೇಶ. ಅಲ್ಲಿ ದುಡ್ಡು ಅನ್ನುವುದೇ ಇಲ್ಲ. ಕುಂಬಾರನಿಗೆ ಒಂದು ಜೋಗುಳ ಹಾಡಿದರೆ ಗಡಿಗೆ ಕೊಡುತ್ತಾನೆ. ದೋಣಿಯ ಈರಣ್ಣನಿಗೆ ರಾತ್ರಿ ಬಿದ್ದ ಕನಸು ಹೇಳಿದರೆ ಹೊಳೆ ದಾಟಿಸುತ್ತಾನೆ. ಆದರೆ ಯಾವ ವ್ಯಾಪಾರವೂ ಸಮಸಮ ಆಗಕೂಡದು. ಒಬ್ಬರಾದರೂ ಮೇಲಿಷ್ಟು ಕೊಸರು ಹಾಕಲೇಬೇಕು: ಗಡಿಗೆಯ ಜೊತೆ ಒಂದು ಮುಚ್ಚಳ, ಕನಸಿನ ಜೊತೆ ಒಂದು ಒಗಟು. ಆ ಕೊಸರು ತೀರಿಸಲು ಇನ್ನೊಬ್ಬರು ಮತ್ತೆ ಬರಬೇಕು. ಬಂದಾಗ ಮತ್ತೆ ಕೊಸರು. ಯಾರ ಬಾಕಿಯೂ ತೀರುವುದಿಲ್ಲ, ಅದಕ್ಕೇ ಯಾರೂ ಯಾರನ್ನೂ ಮರೆಯುವುದಿಲ್ಲ. ಒಂದು ದಿನ ಚುಕ್ತಾರಾಯ ಅನ್ನುವವನು ಚಿನ್ನದ ನಾಣ್ಯದ ಚೀಲ ಹೊತ್ತು ಬರುತ್ತಾನೆ. ಮನೆಮನೆಗೆ ಹೋಗಿ ಎಲ್ಲರ ಬಾಕಿಯನ್ನೂ ತಕ್ಕಡಿಯಲ್ಲಿ ತೂಗಿ ತೀರಿಸುತ್ತಾನೆ. ಬಾಕಿ ತೀರಿದ ಮನೆಯವರು ಮಾರನೆಯ ದಿನ ಪಕ್ಕದ ಮನೆಯವರ ಮುಖ ನೋಡಿ, ನೀವು ಯಾರು ಅಂತ ಕೇಳುತ್ತಾರೆ.’

ಸರಿ ತಾನೆ? ಒಂಬತ್ತನೇ ಕ್ಲಾಸಲ್ಲಿ ನಮ್ಮಿಬ್ಬರ ಹೆಸರಲ್ಲಿ ಈ ಕಥೆ ಪೇಪರಲ್ಲಿ ಬಂದಿತ್ತಲ್ಲ, ಕಂಪನಿ ವಕೀಲರು ಅದನ್ನ ಹುಡುಕಿ ತೆಗೆದಿದಾರೆ. ಹಾಗಾಗಿ ನಿನ್ನ ಸಹಿಯೂ ಬೇಕಂತೆ. ಕರಾರುಪತ್ರ ಇಟ್ಟಿದೀನಿ. ಕೊನೇ ಪುಟದಲ್ಲಿ ಪೆನ್ಸಿಲ್ ಗುರುತು ಹಾಕಿರೋ ಕಡೆ ಸಹಿ ಮಾಡಿ ಕಳಿಸು. ಬರೋ ದುಡ್ಡಲ್ಲಿ ಸರಿಯಾಗಿ ಅರ್ಧ ನಿನ್ನದು. ಗೌರಿ ಹಬ್ಬದೊಳಗೆ ಅವರ ಕೈ ಸೇರಬೇಕು.

ನಿಮ್ಮವ್ವ ಹೇಗಿದಾರೆ? ನಿಮ್ಮ ಯಜಮಾನರನ್ನ ಕೇಳಿದೆ ಅಂತ ಹೇಳು.

ಮೇಧಿನಿ


ಅರಸೀಕೆರೆ
19 ಜೂನ್ 2024

ಕಾದಂಬರಿಕಾರ್ತಿ ಮೇಧಿನಿ ಮೇಡಂ ಅವರಿಗೆ,

ಹರಿದು ಹಾಕಲಿಲ್ಲ. ಓದಿದೆ. ಪೂರ್ತಿ ಓದಿದೆ, ಅದೇ ನಿನಗೆ ಬೇಡವಾಗಿತ್ತು. ಪೆನ್ಸಿಲ್ ಗುರುತು ಹಾಕಿದ ಕಡೆ ಸಹಿ ಹಾಕೋಕೆ ನಾನೇನು ಹೆಬ್ಬೆಟ್ಟಾ? ಬ್ಯಾಂಕಲ್ಲಿ ಕೂತು ದಿನವಿಡೀ ಜನಕ್ಕೆ ‘ಓದಿ ಸಹಿ ಹಾಕ್ರಪ್ಪಾ’ ಅಂತ ಬಡ್ಕೊಳ್ಳೋಳು ನಾನು.

ಆರನೇ ಪುಟದಲ್ಲಿ ಏನೈತೆ ಅಂತ ಬರೀಲೇ ಇಲ್ಲವಲ್ಲ ನೀನು? ನಾನೇ ಹೇಳ್ತೀನಿ ಕೇಳು. ಗೇಮಲ್ಲಿ ಕೊಸರು ಇರಲ್ಲ. ಮಕ್ಕಳಿಗೆ ಅರ್ಥ ಆಗಲ್ವಂತೆ. ಈರಣ್ಣನ ದೋಣಿಗೆ ಐದು ನಾಣ್ಯ. ಗಡಿಗೆಗೆ ಎಂಟು. ನಾಣ್ಯ ಖಾಲಿ ಆದರೆ ಅಪ್ಪನ ಫೋನಿಂದ ನಿಜವಾದ ದುಡ್ಡು ಹಾಕಿ ಇನ್ನಷ್ಟು ಕೊಂಡ್ಕೊಬೋದಂತೆ. ಇನ್ನು ಚುಕ್ತಾರಾಯ? ಅವನೀಗ ಕೇಡಿಗನೇ ಅಲ್ಲ! ಬಿಳೀ ಗಡ್ಡದ ಒಳ್ಳೇ ತಾತ. ಅಂಗಡಿ ಇಟ್ಕೊಂಡು ನಾಣ್ಯ ಮಾರ್ತಾನೆ.

ಥೂ ನಿನ್ನ. ಅವನಿಗೆ ಹೆಸರಿಟ್ಟೋಳು ನಾನು. ಅವನನ್ನ ನೆನೆಸ್ಕೊಂಡು ಹೆದರಿ, ಹಗರೇಲಿ ಬಸ್ಸಿಳಿದು ಮನೇವರೆಗೂ ಓಡ್ತಿದ್ದೋಳು ನಾನು. ಕೊಸರು ಬಂದದ್ದು ನಮ್ಮವ್ವನಿಂದ. ಬೇಲೂರು ಸಂತೇಲಿ ಸೊಪ್ಪು ಮಾರುವಾಗ ಕಟ್ಟಿನ ಮೇಲೆ ಒಂದು ಹಿಡಿ ಹಾಕದೆ ಯಾರನ್ನೂ ಕಳಿಸಿದೋಳಲ್ಲ ಅವಳು. ಅದನ್ನ ನೋಡ್ಕೊಂಡೇ ನಾವು ಆ ದೇಶದ ಕಾನೂನು ಮಾಡಿದ್ದು. ಈಗ ಅದನ್ನ ಕಿತ್ತು ಬಿಸಾಕೋಕೆ ನನ್ನ ಸಹಿ ಬೇಕಾ?

ಅವ್ವ ಚೆನ್ನಾಗವ್ಳೆ. ಹಗರೇಲಿ ನನ್ನ ತಮ್ಮ ಸಂತು ಜೊತೆ ಎಮ್ಮೆ ಕಟ್ಕೊಂಡು ಅವಳೆ. ಆಪರೇಷನ್ ಆದ ಎದೆ ಅಂತ ಸುಮ್ಮನೆ ಕೂರೋ ಪೈಕಿ ಅಲ್ಲ.

ದಿವ್ಯಶ್ರೀ


ಬೇಲೂರು
1 ಜುಲೈ 2024

ದಿವ್ಯಾ,

ಹೌದು, ಮುಚ್ಚಿಟ್ಟೆ. ಬರೆದಿದ್ದರೆ ನೀನು ಸಹಿ ಹಾಕ್ತಿದ್ದೆಯಾ?

ಮಾರ್ಚಲ್ಲಿ ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರ್ಕೊಂಡರು. ಇಷ್ಟು ವರ್ಷ ದೇವಸ್ಥಾನದಲ್ಲಿ ದೇವರ ನೈವೇದ್ಯಕ್ಕೆ ನೀರು ಹೊತ್ತವರು, ಮಗ್ಗುಲು ಬದಲಾಯಿಸೋಕೂ ನನ್ನ ಕೂಗಬೇಕಾಯ್ತು. ಕಂಪನಿ ಕೊಟ್ಟ ಅಡ್ವಾನ್ಸು ಒಂದೂವರೆ ಲಕ್ಷ ಪೂರ್ತಿ ಹಾಸನದ ಆಸ್ಪತ್ರೆಗೆ ಹೋಯ್ತು. ನಿನ್ನ ಸಹಿ ಇಲ್ಲದಿದ್ದರೆ ಆ ದುಡ್ಡು ವಾಪಸ್ ಕೊಡಬೇಕು. ಎಲ್ಲಿಂದ ತರಲಿ? ನಮ್ಮಣ್ಣ ವೇದಾಂತನ ಸಂಬಳ ಅವನ ಹೆಂಡತಿ ಮಗಳಿಗೇ ಸಾಲದು. ನಾನು ಕಾದಂಬರಿ ಬರೀತೀನಿ ಅಂತ ಸ್ಕೂಲ್ ಕೆಲಸ ಬಿಟ್ಟು ಕೂತಿದೀನಿ. ಬುದ್ಧಿವಂತೆ!

ಇನ್ನೊಂದು ಮಾತು. ಕೊಸರು ಕೊಸರು ಅಂತ ನನಗೆ ಪಾಠ ಹೇಳ್ತೀಯಲ್ಲ, ಚುಕ್ತಾ ಮಾಡಿದೋಳು ಯಾರೇ? ನಿಮ್ಮವ್ವನ ಹಾರ್ಟ್ ಆಪರೇಷನ್ನಿಗೆ ನಾನು ಕೊಟ್ಟ ನಲವತ್ತು ಸಾವಿರಾನ ಆರೇ ತಿಂಗಳಲ್ಲಿ ನನ್ನ ಅಕೌಂಟಿಗೆ ಹಾಕಿ, ಮೇಲೆ ಬಡ್ಡಿನೂ ಹಾಕಿ, ‘ಲೆಕ್ಕ ಚುಕ್ತಾ, ಧನ್ಯವಾದಗಳು’ ಅಂತ ಮೆಸೇಜು ಕಳಿಸಿದ್ದು ಯಾರು? ಬಡ್ಡಿ ಕಣೇ, ನನಗೆ! ನಿಮ್ಮನೆ ರೊಟ್ಟಿ ತಿಂದು ಬೆಳೆದೋಳಿಗೆ! ಮಡಿ ಮನೆ ಹುಡುಗಿ ಅಂತ ನಿಮ್ಮವ್ವ ಹೆದರಿದರೂ ತಟ್ಟೆ ಕಸ್ಕೊಂಡು ತಿಂದೋಳು ನಾನು. ‘ಧನ್ಯವಾದಗಳು’ ಅನ್ನೋ ಪದಾನ ನೀನು ನನಗೆ ಅವತ್ತಿನವರೆಗೆ ಒಂದು ಸಲ ಅಂದಿದ್ದೆಯಾ? ಕಪಾಳಕ್ಕೆ ಹೊಡೆದಂಗಾಯ್ತು.

ಚುಕ್ತಾರಾಯ ಕಂಪನಿಯಿಂದ ಬಂದವನಲ್ಲ. ಅರಸೀಕೆರೆಯಿಂದ ಬಂದವನು.

ಮೇಧಿನಿ


ಅರಸೀಕೆರೆ
10 ಜುಲೈ 2024

ಮೇಧಿನಿ,

ಕೊಟ್ಟೋಳು ನಾನು. ಇಸ್ಕೊಂಡೋಳು ಯಾರು? ಬಡ್ಡಿನ ವಾಪಸ್ ನನ್ನ ಮುಖಕ್ಕೆ ಎಸೀಬೋದಿತ್ತಲ್ಲ? ಮೆಸೇಜು ಕಳಿಸಿ ಎರಡು ದಿನ ಫೋನ್ ಕೈಲಿಟ್ಕೊಂಡು ಕೂತಿದ್ದೆ, ‘ಏನೇ ನಿಂದು ಕೊಬ್ಬು’ ಅಂತ ಬೈತೀಯ ಅಂತ. ನೀನು ಬರೆದದ್ದು ಒಂದೇ ಮಾತು. ‘ಸರಿ.’ ಅದಕ್ಕೇ ಬ್ಲಾಕ್ ಮಾಡಿದ್ದು.

ಯಾಕೆ ತೀರಿಸಿದೆ ಅಂತ ಒಂದು ಸಲನಾದ್ರೂ ಕೇಳಿದೆಯಾ? ವೇದಾಂತಣ್ಣನ ಮಗಳ ನಾಮಕರಣಕ್ಕೆ ಕರೆದಿದ್ದೆಯಲ್ಲ, ಅವತ್ತು ನಿಮ್ಮಮ್ಮ ಕೋಮಲವಲ್ಲಮ್ಮನೋರು ಪಂಕ್ತೀಲಿ ಕೂತಿದ್ದ ನೆಂಟರಿಗೆಲ್ಲ ನನ್ನ ತೋರಿಸಿ ಹೇಳಿದರು: ‘ಇವಳ ತಾಯಿ ಉಳಿದಿದ್ದೇ ನಮ್ಮ ಹುಡುಗಿ ದುಡ್ಡಿಂದ.’ ಎಲೆ ಮೇಲೆ ಹೋಳಿಗೆ ಇತ್ತು. ಮುಟ್ಟದೆ ಎದ್ದೆ. ನೀನು ಅಲ್ಲೇ ತುಪ್ಪ ಬಡಿಸ್ತಾ ಇದ್ದೆ. ಕೇಳಿಸ್ಕೊಂಡೂ ಸುಮ್ಮನಿದ್ದೀಯ ಅಂದ್ಕೊಂಡೆ. ಮಾರನೇ ದಿನವೇ ನಮ್ಮ ಬ್ಯಾಂಕಲ್ಲೇ ಕತ್ತಿನ ಸರ ಅಡ ಇಟ್ಟು ನಿನ್ನ ದುಡ್ಡು ಕಟ್ಟಿದೆ. ನಮ್ಮವ್ವನ ಜೀವ ನಿಮ್ಮನೆ ಜಗುಲಿ ಮಾತಾಗೋದು ನನಗೆ ಬೇಡವಾಗಿತ್ತು.

ನಿಮ್ಮಪ್ಪ ಬಿದ್ದದ್ದು ಓದಿ ಆಗಲೇ ಬೇಲೂರು ಬಸ್ಸು ಹತ್ತೋಣ ಅನ್ನಿಸ್ತು. ನಿಜ ಹೇಳ್ತಿದೀನಿ. ಆದ್ರೂ ಸಹಿ ಹಾಕಲ್ಲ. ಆಚೆದಡ ಒಂದು ಉಳಿದಿತ್ತು, ನಾವಿಬ್ಬರೂ ಕೆಟ್ಟರೂ ಅದು ಕೆಟ್ಟಿರಲಿಲ್ಲ. ಅದನ್ನ ಮಾರೋಕೆ ನಾನು ಬರಲ್ಲ.

ದಿವ್ಯಶ್ರೀ


ಬೇಲೂರು
8 ಆಗಸ್ಟ್ 2024

ದಿವ್ಯಾ,

ಅಮ್ಮ ಹಾಗಂದದ್ದು ನನಗೆ ಕೇಳಿಸಿರಲಿಲ್ಲ. ಪೆರುಮಾಳ್ ಆಣೆಗೂ ಕೇಳಿಸಿರಲಿಲ್ಲ. ನಿನ್ನ ಕಾಗದ ಬಂದಮೇಲೆ ಅಮ್ಮನನ್ನ ಕೇಳಿದೆ. ‘ನಿಜ ತಾನೆ, ನಿಜ ಹೇಳಿದರೆ ತಪ್ಪೇನು?’ ಅಂದಳು. ಅವಳ ಜೊತೆ ಮಾತು ಬಿಟ್ಟೆ. ಒಂದೇ ಅಡಿಗೆಮನೇಲಿ ಮಾತು ಬಿಟ್ಟು ಬದುಕೋದು ಎಷ್ಟು ಕಷ್ಟ ಅಂತ ನಿನಗೆ ಗೊತ್ತಿಲ್ಲ, ಉಪ್ಪಿನ ಡಬ್ಬಿ ಕೇಳೋಕೂ ಅಪ್ಪನೇ ಮಧ್ಯಸ್ಥಿಕೆ.

ಸಂತೆ ದಿನ ನಿಮ್ಮವ್ವ ಬಂದಿದ್ದರು. ಒಳಗೆ ಬನ್ನಿ ಅಂದರೆ ಬರಲಿಲ್ಲ, ಜಗುಲಿ ಮೇಲೇ ಕೂತು ‘ಕಾಫಿ ಕೊಡು ಮಗಾ, ಸಕ್ಕರೆ ಮುಂದಾಗಿ ಹಾಕು’ ಅಂದರು. ಅಪ್ಪ ಕೋಲೂರಿಕೊಂಡು ಹೊಸ್ತಿಲವರೆಗೆ ಬಂದರು. ಅವರನ್ನ ಕಂಡು ನಿಮ್ಮವ್ವ ಸೆರಗು ಬಾಯಿಗಿಟ್ಟುಕೊಂಡು ಅತ್ತುಬಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, ‘ನೀವಿಬ್ರೂ ಯಾಕ್ರೇ ಮಾತು ಬಿಟ್ಟಿದೀರಾ?’ ಅಂದರು.

ಎಲ್ಲಾ ಹೇಳಿದೆ. ಗೇಮು, ನಾಣ್ಯ, ಕೊಸರು, ಸಹಿ ಎಲ್ಲಾ. ಅವರಿಂದಲೇ ಕೊಸರಿನ ಕಾನೂನು ಹುಟ್ಟಿದ್ದು ಅಂತಲೂ ಹೇಳಿದೆ. ಸಂತೋಷ ಪಡ್ತಾರೆ ಅಂದ್ಕೊಂಡೆ. ಬಿದ್ದು ಬಿದ್ದು ನಕ್ಕರು ಕಣೇ.

‘ಅಯ್ಯೋ ನನ್ನ ತಾಯೇ! ಸಂಜೆಗೆ ಬಾಡೋ ಸೊಪ್ಪು ಅದು. ತಿರುಗಿ ಹಗರೆಗೆ ಹೊತ್ಕೊಂಡು ಹೋಗೋದ್ಯಾಕೆ ಅಂತ ಒಂದು ಹಿಡಿ ಹಾಕ್ತಿದ್ದೆ. ಹಾಕಿದ್ರೆ ಮುಂದಿನ ವಾರ ನನ್ನ ಹತ್ರಾನೇ ಬತ್ತಾರೆ. ಅದಕ್ಕೆ ಇಷ್ಟು ದೊಡ್ಡ ಕತೆ ಕಟ್ಟಿದೀರಾ? ಕಾಸು ಕೊಡ್ತೀನಿ ಅಂದೋರ ಹತ್ರ ಇಸ್ಕೊಳ್ರೇ, ಸುಮ್ಕೆ ಬಿಡಬೇಡಿ.’

ಹೋಗುವಾಗ ಚೀಲದಿಂದ ದಂಟಿನ ಸೊಪ್ಪು ತೆಗೆದು ಕೊಟ್ಟರು. ಎಷ್ಟು ಅಂದೆ. ಗುರ್ ಅಂದರು.

ದಿವ್ಯಾ, ಹಬ್ಬಕ್ಕೆ ಇನ್ನು ಒಂದು ತಿಂಗಳಿಲ್ಲ. ಕಂಪನಿಯವರು ಫೋನ್ ಮಾಡಿದ್ದರು, ಈ ಸಲ ‘ಮೇಡಂ’ ಅನ್ನಲಿಲ್ಲ. ಸಹಿ ಬರದಿದ್ದರೆ ವಕೀಲರ ನೋಟೀಸು ಬರುತ್ತಂತೆ. ಅಪ್ಪನಿಗೆ ಗೊತ್ತಾದರೆ ಎದೆ ಒಡ್ಕೊತಾರೆ. ನಿನ್ನ ಕಾಲು ಹಿಡೀತೀನಿ ಅಂತ ಬರೆಯೋಕೆ ನಾಚಿಕೆ ಆಗ್ತಿದೆ. ಹಿಡಿದೆ ಅಂತಲೇ ಅಂದ್ಕೋ.

ಮೇಧಿನಿ


ಅರಸೀಕೆರೆ
22 ಆಗಸ್ಟ್ 2024

ಮೇಧಿನಿ,

ಸಹಿ ಹಾಕಿದೀನಿ. ಪೆನ್ಸಿಲ್ ಗುರುತಿನ ಮೇಲೇ.

ಅವ್ವ ಫೋನ್ ಮಾಡಿ ವಾಚಾಮಗೋಚರ ಬೈದಳು. ‘ಆ ಮನುಷ್ಯ ಕೋಲೂರಿ ನಡೀತಾ ಅವ್ನೆ, ನೀನಿಲ್ಲಿ ಇಲ್ದಿರೋ ಊರಿನ ನ್ಯಾಯ ಮಾಡ್ತಿದೀಯಾ?’ ಅಂದಳು. ಫೋನಿಟ್ಟು ಪೆನ್ನು ತಗೊಂಡೆ.

ಅರ್ಧ ದುಡ್ಡು ನನಗೆ ಬೇಡ. ನಿಮ್ಮಪ್ಪನಿಗೆ ಖರ್ಚು ಮಾಡು. ನೀನು ನಮ್ಮವ್ವನ್ನ ಉಳಿಸಿದೆ, ನಾನು ನಿಮ್ಮಪ್ಪನಿಗೆ ಸಹಿ ಕೊಟ್ಟೆ. ತಕ್ಕಡಿ ಸಮ ಆಯ್ತು. ನಂದು ನಿಂದು ಏನೂ ಉಳೀಲಿಲ್ಲ. ಇನ್ನು ಬರೀಬೇಡ. ಬರೆದರೂ ನಾನು ಒಡೆಯಲ್ಲ.

ದಿವ್ಯಶ್ರೀ


ಬೇಲೂರು
4 ಸೆಪ್ಟೆಂಬರ್ 2024

ದಿವ್ಯಾ,

ಒಡೀತೀಯ. ನನಗೆ ಗೊತ್ತು. ಬೈಯೋಕಾದ್ರೂ ಒಡೀತೀಯ.

ನಿನ್ನ ಸಹಿ ಬಂದ ದಿನ ಮನೇಲಿ ಪಾಯಸ ಮಾಡಿದಳು ಅಮ್ಮ. ಅಪ್ಪ ‘ದಿವ್ಯ ನಮ್ಮ ಹುಡುಗಿ’ ಅಂತ ಹತ್ತು ಸಲ ಅಂದರು. ನಾನು ಲೋಟ ಹಾಗೇ ಇಟ್ಟೆ. ‘ಏನೂ ಉಳೀಲಿಲ್ಲ’ ಅಂತ ಬರೆದಿದೀಯಲ್ಲ, ಅದನ್ನೇ ಇನ್ನೊಂದು ಸಲ ತೆಗೆದು ಓದಿದೆ. ಆದರೂ ಕರಾರುಪತ್ರ ಕವರಿಗೆ ಹಾಕಿ ಅಂಟು ಹಚ್ಚಿದೆ, ಸುಳ್ಳು ಹೇಳಲ್ಲ. ಬೆಳಿಗ್ಗೆ ಪೋಸ್ಟ್ ಮಾಡೋದು ಅಂತ ಇಟ್ಟಿದ್ದೆ.

ಅಷ್ಟರಲ್ಲಿ ಕಂಪನಿಯವರು ಗೇಮಿನ ಮಾದರಿ ಕಳಿಸಿದರು, ಆಡಿ ನೋಡಿ ಅಂತ. ಚೆನ್ನಾಗಿ ಮಾಡಿದಾರೆ ಕಣೇ, ಅದೇ ಬೇಜಾರು. ಹೊಳೆ ನಮ್ಮ ಯಗಚಿ ಥರಾನೇ ಇದೆ. ದೋಣಿ ಇದೆ. ಈರಣ್ಣನಿಗೆ ನೀನು ಹೇಳ್ತಿದ್ದ ಹಾಗೇ ಕೆಂಪು ಟವೆಲ್ಲು. ನಾಣ್ಯ ಕೊಟ್ಟೆ. ದಾಟಿಸಿದ. ‘ಧನ್ಯವಾದಗಳು’ ಅಂದು ಬೆನ್ನು ತಿರುಗಿಸಿದ. ವಾಪಸ್ ಬರೋಕೆ ಮತ್ತೆ ಅವನ ಹತ್ರ ಹೋದೆ. ಮುಖ ಎತ್ತಿ ನೋಡಿ ಕೇಳಿದ: ‘ನೀವು ಯಾರು?’

ಯಾರೂ ಬೇಕು ಅಂತ ಬರೆದದ್ದಲ್ಲ ದಿವ್ಯಾ. ಫೋನ್ ಮಾಡಿ ಕೇಳಿದೆ. ಗೇಮಲ್ಲಿ ಹಾಗೇನೇ ಮೇಡಂ, ದುಡ್ಡು ಕೊಟ್ಟ ಮೇಲೆ ಅವನು ನೆನಪು ಇಟ್ಕೊಳ್ಳೋ ಅಗತ್ಯ ಏನಿದೆ, ಅಂದ ಆ ಕಡೆ ಹುಡುಗ. ಪಾಪ, ಒಳ್ಳೇ ಹುಡುಗ. ನಾನು ಮತ್ತೆ ಮತ್ತೆ ಹೊಳೆ ದಾಟಿದೆ. ಪ್ರತಿ ಸಲವೂ ‘ನೀವು ಯಾರು?’ ಕೊನೆಗೆ ಅಳು ಬಂತು. ಅಮ್ಮ ಒಂದೂವರೆ ತಿಂಗಳ ಮೇಲೆ ಮೊದಲನೇ ಸಲ ಮಾತಾಡಿಸಿದಳು, ‘ಯಾಕೇ, ಏನಾಯ್ತೇ?’ ಅಂತ. ‘ದಿವ್ಯ ನನ್ನ ಮರೆತುಬಿಡ್ತಾಳೆ’ ಅಂದೆ. ಅವಳಿಗೆ ಏನು ಅರ್ಥ ಆಯ್ತೋ, ಪಕ್ಕದಲ್ಲಿ ಕೂತಳು.

ಕರಾರು ಹರಿದು ಹಾಕಿದೆ. ಕಂಪನಿಗೆ ಬೇಡ ಅಂತ ಬರೆದೆ. ನೀನು ಮಾಡಿದ ಸಹಿ ಮಾತ್ರ ಕತ್ತರಿಸಿ ಇದರ ಜೊತೆ ಇಟ್ಟಿದೀನಿ. ತಗೋ. ಸಮ ಆಗಿದ್ದ ತಕ್ಕಡಿ ಮತ್ತೆ ಕೆಟ್ಟಿತು.

ಒಂದೂವರೆ ಲಕ್ಷಕ್ಕೆ ಏನು ಮಾಡೋದು ಗೊತ್ತಿಲ್ಲ. ದೀಪಾವಳಿವರೆಗೆ ಟೈಮು ಕೊಟ್ಟಿದಾರೆ. ಸ್ಕೂಲಲ್ಲಿ ಮತ್ತೆ ಕೆಲಸ ಕೇಳಿದೀನಿ, ಬಾ ಅಂದಿದಾರೆ. ಹೇಗೋ ನೋಡ್ತೀನಿ. ನಿನ್ನ ಹತ್ರ ಕೇಳ್ತಿಲ್ಲ, ತಪ್ಪು ತಿಳೀಬೇಡ.

ಮೇಧಿ


ಅರಸೀಕೆರೆ
14 ಸೆಪ್ಟೆಂಬರ್ 2024

ಲೇ ಮೇಧಿ,

ಒಡೆದೆ ಕಣೇ. ಬೈಯೋಕೇ ಒಡೆದೆ. ಓದಿ ಮುಗಿಸೋ ಹೊತ್ತಿಗೆ ಕ್ಯಾಶ್ ಕೌಂಟರಲ್ಲಿ ಕಣ್ಣೀರು. ಮುಂದೆ ನಿಂತಿದ್ದ ಅಜ್ಜಿ ‘ಯಾಕವ್ವಾ, ದುಡ್ಡು ಕಮ್ಮಿ ಬಂತಾ?’ ಅಂದಳು.

ಇದರ ಜೊತೆ ಚೆಕ್ ಐತೆ. ಒಂದೂವರೆ ಲಕ್ಷ. ನನ್ನ ಹೆಸರಲ್ಲಿದ್ದ ಎಫ್.ಡಿ. ಮುರಿಸಿದೆ. ನಮ್ಮ ಯಜಮಾನರು ಯಾರಿಗೆ ಅಂದರು. ನಿನಗೆ ಅಂದೆ. ‘ಅವಳ ಜೊತೆ ಮಾತು ಬಿಟ್ಟಿದ್ದೆಯಲ್ಲ’ ಅಂದರು. ‘ಮಾತು ಬಿಟ್ಟಿದೀನಿ, ಅವಳನ್ನಲ್ಲ’ ಅಂದೆ.

ಥಟ್ಟನೆ ವಾಪಸ್ ಕಳಿಸೋ ಜಂಬ ಮಾಡಿದರೆ ಬೇಲೂರಿಗೇ ಬಂದು ಹೊಡೀತೀನಿ. ಸಾಲ ಇದು, ತೀರಿಸು. ನಿಧಾನಕ್ಕೆ ತೀರಿಸು, ಕೈಗಾದಷ್ಟು. ಬಡ್ಡಿ ಹಾಕಿದರೆ ಜನ್ಮದಲ್ಲಿ ಮಾತಾಡಲ್ಲ. ಧನ್ಯವಾದ ಅಂದರೂ ಅಷ್ಟೇ.

ಇನ್ನೊಂದು ಐತೆ. ಸರಿಯಾಗಿ ಕೇಳಿಸ್ಕೊ.

ಆಪರೇಷನ್ ಆದಾಗ ಅವ್ವ ಮಾಲೇಕಲ್ಲು ವೆಂಕಟರಮಣನಿಗೆ ಹನ್ನೊಂದು ತೆಂಗಿನಕಾಯಿ ಹರಕೆ ಹೊತ್ತಿದ್ದಳು. ಮೊನ್ನೆ ಕರ್ಕೊಂಡು ಹೋಗಿದ್ದೆ. ಬೆಟ್ಟ ಹತ್ತಿ ಹತ್ತು ಒಡೆಸಿದಳು, ಒಂದು ಚೀಲದಲ್ಲೇ ಇಟ್ಕೊಂಡಳು. ಯಾಕವ್ವ ಅಂದೆ. ‘ಎಲ್ಲಾ ತೀರಿಸಿಬಿಟ್ರೆ ಅವನು ನನ್ನ ಮರೀತಾನೆ, ಒಂದು ಬಾಕಿ ಇರ್ಲಿ. ಮುಂದಿನ ವರ್ಷಕ್ಕೂ ಉಳಿಸ್ಕೊತಾನೆ’ ಅಂದಳು! ನಿನ್ನ ಹತ್ರ ಬಾಡೋ ಸೊಪ್ಪು ಅಂತ ನಕ್ಕೋಳು ಇವಳೇ ನೋಡು. ಬಾಯಲ್ಲೊಂದು, ಚೀಲದಲ್ಲೊಂದು.

ಅದಕ್ಕೆ ಹೇಳ್ತೀನಿ. ಎಲ್ಲಾ ಕೊಡು. ಕೊನೇ ಹತ್ತು ರೂಪಾಯಿ ಕೊಡಬೇಡ. ಯಾವತ್ತೂ ಕೊಡಬೇಡ. ಕೊಟ್ಟ ದಿನ ನಾವಿಬ್ಬರೂ ಮುಗಿದಂಗೆ.

ದಿವ್ಯ


ಬೇಲೂರು
22 ಫೆಬ್ರವರಿ 2026

ದಿವಿ,

ಬೆಳಿಗ್ಗೆ ತಾನೆ ಫೋನಲ್ಲಿ ಒಂದು ಗಂಟೆ ಹರಟಿದೀವಿ, ಮತ್ಯಾಕೆ ಕಾಗದ ಅಂತೀಯ. ಇದನ್ನ ಕಾಗದದಲ್ಲೇ ಬರೀಬೇಕು ಅನ್ನಿಸ್ತು.

ಪುಸ್ತಕದ ಮೊದಲ ಪ್ರತಿ ಕಳಿಸಿದೀನಿ. ಸಣ್ಣ ಪ್ರಕಾಶಕರು, ಸಣ್ಣ ಪುಸ್ತಕ, ಗೇಮ್ ಗೀಮ್ ಏನಿಲ್ಲ. ಇಬ್ಬರ ಹೆಸರೂ ಇದೆ, ನಿನ್ನದು ಮೊದಲು. ಈರಣ್ಣ ಕನಸೇ ಇಸ್ಕೊತಾನೆ. ಚುಕ್ತಾರಾಯ ಮೊದಲಿಗಿಂತ ಕೆಟ್ಟವನಾಗಿದಾನೆ, ಅವನಿಗೆ ನಿನ್ನ ನಗು ಕೊಟ್ಟಿದೀನಿ. ಸಿಟ್ಟು ಮಾಡ್ಕೊ.

ಕೊನೇ ಕಂತು ಇವತ್ತು ನಿನ್ನ ಅಕೌಂಟಿಗೆ ಹಾಕಿದೆ. ಹಾಕೋವಾಗ ಅಮ್ಮ ಪಕ್ಕದಲ್ಲೇ ಇದ್ದಳು. ಕನ್ನಡಕ ಏರಿಸಿ ನೋಡಿ, ‘ಇದೇನೇ, ಹತ್ತು ರೂಪಾಯಿ ಉಳಿಸ್ಕೊಂಡಿದೀಯ? ಮರ್ಯಾದಸ್ತರ ಮನೆ ಇದು. ಅವಳ ಬಾಯಿಗೆ ನಾವು ಸಿಕ್ಕಬೇಕಾ?’ ಅಂದು ನನ್ನ ಕೈಯಿಂದ ಫೋನ್ ಕಿತ್ಕೊಂಡಳು. ಈಗೀಗ ಅವಳಿಗೂ ದುಡ್ಡು ಕಳಿಸೋಕೆ ಬರುತ್ತೆ ಕಣೇ! ಹತ್ತು ಅಂತ ಒತ್ತಿಯೂ ಆಗಿತ್ತು. ಕೈ ಹಿಡ್ಕೊಂಡು, ‘ಅಮ್ಮಾ ಬೇಡ, ಅದು ಕೊಡೋ ದುಡ್ಡಲ್ಲ’ ಅಂತ ಕಿರುಚಿದೆ. ಅಪ್ಪ ಕೋಲು ಬಿಟ್ಟು ಓಡಿಬಂದರು, ಅಷ್ಟು ಜೋರಾಗಿ.

ಅಮ್ಮ ನನ್ನ ಮುಖಾನೇ ನೋಡಿದಳು. ಫೋನ್ ವಾಪಸ್ ಕೊಟ್ಟಳು. ಅಡಿಗೆಮನೆಗೆ ಹೋದೋಳು ಒಳಗಿಂದ ಕೇಳಿದಳು: ‘ಅವತ್ತು ಪಂಕ್ತೀಲಿ ಆ ಹುಡುಗಿ ಹೋಳಿಗೆ ತಿನ್ನದೆ ಎದ್ದಳಲ್ಲ. ಬರೋ ಭಾನುವಾರ ಮಾಡಿದರೆ ಬರ್ತಾಳಾ?’

ಬರ್ತೀಯಾ?

ಹತ್ತು ರೂಪಾಯಿ ಬಾಕಿ ಇದೆ. ಕೊಡಲ್ಲ. ಏನ್ ಮಾಡ್ಕೊತೀಯೋ ಮಾಡ್ಕೋ ಹೋಗು.

ನಿನ್ನ ಸಾಲಗಾರ್ತಿ,
ಮೇಧಿ